ಬೆಳಗಿನ ಒಂದು ಗುಟುಕು ನೀರು

ಒಂದು ಚಮಚ ಮಜ್ಜಿಗೆ ಹೊಟ್ಟೆಯಲ್ಲಿ ನಿಲ್ಲಬೇಕಾದರೆ ಮಹಾನಂದಾ ಅರ್ಧ ಗಂಟೆ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಕತ್ತು ಕೂಡ ಆಡಿಸದೆ ಕೂರಬೇಕಿತ್ತು. ಎರಡು ಚಮಚ ಗಂಜಿಗೆ ಮಧ್ಯಾಹ್ನದ ತನಕದ ತ್ರಾಣವೆಲ್ಲ ಖರ್ಚು. ಆಸೆಪಟ್ಟು ರೊಟ್ಟಿಯ ಚೂರೊಂದನ್ನು ಬಾಯಿಗಿಟ್ಟಳೋ, ಅದರ ಬೆಲೆ ಇಡೀ ದಿನ. ಮೊದಲು ರೊಟ್ಟಿ ಬರುವುದು, ಅದರ ಹಿಂದೆ ಮಜ್ಜಿಗೆ, ಆಮೇಲೆ ಹಳದಿ ಪಿತ್ತ, ಅದೂ ಮುಗಿದ ಮೇಲೆ ಏನೂ ಬರದ ಬರೀ ಓಕರಿಕೆ.

ಈ ಲೆಕ್ಕ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಅತ್ತೆ ಚನ್ನಕ್ಕನಿಗೆ. ಬಕೆಟ್ ಹಿಡಿಯುವವಳು ಅವಳು, ಬೆನ್ನು ನೀವುವವಳು ಅವಳು, ಹೊರಗೆ ಬಂದದ್ದನ್ನು ನೋಡಿ ಒಳಗೆ ಎಷ್ಟು ಉಳಿದಿರಬಹುದೆಂದು ಅಂದಾಜು ಮಾಡುವವಳೂ ಅವಳೇ. ಮಗ ಚನಬಸಪ್ಪ ಫೋನು ಮಾಡಿ, "ಯವ್ವಾ, ನಂದಾಗ ಎದಿಯಾಗ ಗಡ್ಡಿ ಆಗೈತಂತ" ಎಂದ ಮಾರನೇ ದಿನವೇ ಹುನಗುಂದದ ಕಡೆಯ ತನ್ನ ಹಳ್ಳಿಯಿಂದ ಬಸ್ಸು ಹತ್ತಿ ಬಂದಿದ್ದಳು. ತನ್ನ ಬಳಿಯಿದ್ದು ಓದುತ್ತಿದ್ದ ಮೊಮ್ಮಗಳನ್ನು ಶಾಲೆ ಬಿಡಿಸಬಾರದೆಂದು ಊರಲ್ಲೇ ಸೊಸೆಯ ಅಕ್ಕನ ಮನೆಯಲ್ಲಿ ಬಿಟ್ಟು, ಬರುವಾಗ ಒಂದು ಚೀಲ ಜೋಳದ ಹಿಟ್ಟು, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ ಹೊತ್ತು ತಂದಿದ್ದಳು. ತಿನ್ನಿಸಿದರೆ ಯಾವ ರೋಗವೂ ಮಣಿಯುತ್ತದೆ ಎಂದು ನಂಬಿ ಬದುಕಿದ ಹೆಂಗಸು. ಇಲ್ಲಿ ಬಂದು ನೋಡಿದರೆ ತಿನ್ನಿಸುವುದೇ ಹಿಂಸೆಯಾಗಿತ್ತು. ಆ ಚಟ್ನಿಯ ಡಬ್ಬಿಯ ಮುಚ್ಚಳ ತೆಗೆದ ಮೊದಲ ದಿನವೇ ಸೊಸೆ ಬಾಯಿಗೆ ಸೆರಗು ಒತ್ತಿ ಬಚ್ಚಲಿಗೆ ಓಡಿದ್ದಳು. ಡಬ್ಬಿ ಅವತ್ತೇ ಅಕ್ಕಪಕ್ಕದ ಕೋಣೆಗಳ ಪಾಲಾಯಿತು.

ಮನೆಯೆಂದರೆ ಪೀಣ್ಯದ ಹಿಂದೆ, ಆಂಧ್ರಹಳ್ಳಿಯ ಒಂದು ವಠಾರದಲ್ಲಿ ಒಂದು ಕೋಣೆ, ಒಂದು ಅಡುಗೆ ಮೂಲೆ. ಬೆಳಿಗ್ಗೆ ಎದುರಿನ ಶೆಡ್ಡಿನಲ್ಲಿ ಕಬ್ಬಿಣಕ್ಕೆ ಬಣ್ಣದ ಪುಡಿ ಬೇಯಿಸಿ ಕೂರಿಸುವ ಪೌಡರ್ ಕೋಟಿಂಗಿನ ಒಲೆ ಹೊತ್ತಿಸಿದರೆ ಸುಟ್ಟ ಬಣ್ಣದ ವಾಸನೆ ಒಳಗೆ ಬರುತ್ತಿತ್ತು. ಪಕ್ಕದ ಮನೆಯ ಒಗ್ಗರಣೆ, ಮೋರಿಯ ಫಿನಾಯಿಲು, ಸಾಬೂನು, ಎಲ್ಲವೂ ಮಹಾನಂದಾಳಿಗೆ ಶತ್ರು. ಗಂಡನೂ ಕೂಡ. ಚನಬಸಪ್ಪ ಲೇತ್ ಮಷಿನ್ನಿನ ಕಾರ್ಖಾನೆಯಲ್ಲಿ ದುಡಿಯುವವನು. ಮಷಿನ್ನಿಗೆ ಹಾಕುವ ಎಣ್ಣೆಯ ವಾಸನೆ ಅವನ ಚರ್ಮದೊಳಗೇ ಇಳಿದಿತ್ತು. ಅವನು ದಿನಾ ಸಂಜೆ ಬಾಗಿಲ ಹೊರಗೆ ನಿಂತು ಕೇಳುವನು:

"ಒಳಗ ಬರಲೇನ್ ಯವ್ವಾ?"

"ತಿಕ್ಕೊಂಡಿಯೋ ಇಲ್ಲೋ?"

"ಎರಡ ಸಲ ಸಾಬಾಣ ಹಚ್ಚೇನಿ."

"ಮೂರನೇ ಸಲ ಹಚ್ಚು. ಮಷಿನ್ ಕಾರ್ಖಾನ್ಯಾಗ ಬಿಟ್ಟ ಬಂದಂಗ ಕಾಣೂದಿಲ್ಲ, ಹೆಗಲ ಮ್ಯಾಲ ಹೊತ್ತಕೊಂಡ ಬಂದೀದಿ."

ಅವನು ಪೆಚ್ಚುನಗೆ ನಕ್ಕು ಮೆಟ್ಟಿಲ ಮೇಲೆಯೇ ಕೂತು ಉಣ್ಣುತ್ತಿದ್ದ. ಅಲ್ಲೇ ಮಲಗುತ್ತಲೂ ಇದ್ದ. ಒಳಗಿನಿಂದ ಓಕರಿಕೆ ಕೇಳಿದಾಗಲೆಲ್ಲ ತುತ್ತನ್ನು ಕೈಯಲ್ಲೇ ಹಿಡಿದು ನಿಲ್ಲಿಸಿ, ಅದು ಮುಗಿದ ಮೇಲೆ ಬಾಯಿಗಿಡುತ್ತಿದ್ದ.

ಗಡ್ಡೆ ಕರಗಲೆಂದು ಹಾಕಿದ ಕೀಮೊ ಔಷಧಿಯಿಂದ ಬರುವ ಈ ವಾಂತಿಗೆ ಆಸ್ಪತ್ರೆಯವರು ಮಾತ್ರೆ ಕೊಟ್ಟಿದ್ದರು. ಒಳ್ಳೆಯ ಮಾತ್ರೆಯೇ ಇರಬೇಕು, ಬೇರೆಯವರಿಗೆಲ್ಲ ಹಿಡಿದಿತ್ತು. ಇವಳಿಗೆ ಮಾತ್ರ ನುಂಗಿದ ಹತ್ತು ನಿಮಿಷದೊಳಗೆ ಮಾತ್ರೆಯೇ ಇಡಿಯಾಗಿ ಬಕೆಟ್ಟಿಗೆ ಬೀಳುತ್ತಿತ್ತು.

ಎರಡನೇ ಸಲ ಕೀಮೊ ಹಾಕಿಸುವ ದಿನ ತೂಕ ನೋಡಿದ ನರ್ಸ್ ನಿವೇದಿತಾ ಮುಖ ಸಣ್ಣದು ಮಾಡಿದಳು. ಡಾಕ್ಟರು ಬಂದು ಚೀಟಿ ನೋಡಿ, ಮಹಾನಂದಾಳ ಕೈಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಬಿಟ್ಟು, "ಈ ಸಲ ಹಾಕ್ತೀನಮ್ಮ. ಮುಂದಿನ ಸಲವೂ ಹೀಗೇ ಇಳಿದಿದ್ರೆ ಹಾಕೋಕಾಗಲ್ಲ. ಔಷಧಿ ತಡ್ಕೊಳ್ಳೋ ಶಕ್ತಿನೇ ಇರಲ್ಲ ಮೈಗೆ" ಎಂದರು. ಹಾಕದಿದ್ದರೆ ಏನಾಗುತ್ತದೆ ಎಂದು ಚನ್ನಕ್ಕ ಕೇಳಲಿಲ್ಲ. ಅವರ ಮುಖದಲ್ಲಿ ಅದಿತ್ತು.

ಡಾಕ್ಟರು ಹೋದ ಮೇಲೆ ನಿವೇದಿತಾ ಸ್ಟೂಲ್ ಎಳೆದುಕೊಂಡು ಕೂತಳು. "ಮಾತ್ರೆ ಹೇಗೆ ತಗೋತೀರಾ ಹೇಳಿ ಅಕ್ಕಾ."

"ಖಾಲಿ ಹೊಟ್ಟ್ಯಾಗ ರೀ. ನೀವ ಹೇಳಿದಂಗ," ಎಂದಳು ಮಹಾನಂದಾ.

"ಎದ್ದ ತಕ್ಷಣ ತಾನೆ? ಎದ್ದು ಅಂದ್ರೆ ಎದ್ದು ಓಡಾಡಿದ ಮೇಲಲ್ಲ. ದಿಂಬಿನಿಂದ ತಲೆ ಎತ್ತೋಕೆ ಮುಂಚೆ. ಒಂದು ಗುಟುಕು ನೀರು, ಮಾತ್ರೆ, ಹಾಗೇ ಅರ್ಧ ಗಂಟೆ ಮಲಗಿರಬೇಕು. ವಾಂತಿ ಶುರುವಾದ ಮೇಲೆ ಕೊಟ್ರೆ ಮಾತ್ರೆನೇ ಆಚೆ ಬರತ್ತೆ."

ಮಹಾನಂದಾ ತಲೆಯಾಡಿಸಿದಳು. ಪಕ್ಕದಲ್ಲಿ ನಿಂತಿದ್ದ ಚನ್ನಕ್ಕ ನರ್ಸಿನ ಮುಂದೆ ಬಾಯಿ ಬಿಡಲಿಲ್ಲ. ಆದರೆ ತಪ್ಪು ಎಲ್ಲಿ ಆಗುತ್ತಿದೆಯೆಂದು ಆ ಕ್ಷಣವೇ ಅವಳಿಗೆ ತಿಳಿದುಹೋಗಿತ್ತು.

ಅತ್ತೆ ಸೊಸೆ ಇಬ್ಬರ ಕೊರಳಲ್ಲೂ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಬೆಳಿಗ್ಗೆ ಜಳಕ ಮಾಡಿ, ಹಣೆಗೆ ವಿಭೂತಿ ಇಟ್ಟು, ಲಿಂಗವನ್ನು ಎಡಗೈಯಲ್ಲಿ ಇರಿಸಿ ಪೂಜೆ ಮುಗಿಸುವ ತನಕ ಅವರ ಮನೆಯ ಹೆಂಗಸರು ಹನಿ ನೀರೂ ಮುಟ್ಟುವವರಲ್ಲ. ವಠಾರದಲ್ಲಿ ನೀರು ಬಿಡುವುದು ಒಂಬತ್ತಕ್ಕೆ. ಅಷ್ಟು ಹೊತ್ತಿಗೆ ಮಹಾನಂದಾ ನಾಲ್ಕಾರು ಸಲ ವಾಂತಿ ಮಾಡಿಕೊಂಡಿರುತ್ತಿದ್ದಳು. ವಾಂತಿಯಾದ ಮೈಯಲ್ಲಿ ಲಿಂಗ ಮುಟ್ಟಬಾರದೆಂದು ತಲೆಗೇ ನೀರು ಹಾಕಿಕೊಳ್ಳುವಳು. ಬಚ್ಚಲಲ್ಲೇ ಮತ್ತೆ ವಾಂತಿಯಾದರೆ ಮತ್ತೆ ಜಳಕ. ಪೂಜೆ ಮುಗಿದು ಮಾತ್ರೆ ಬಾಯಿಗೆ ಬೀಳುವಾಗ ಹೊತ್ತು ನೆತ್ತಿಗೆ ಬಂದಿರುತ್ತಿತ್ತು. ಹೊಟ್ಟೆ ಖಾಲಿಯಾಗಿಯೇ ಇರುತ್ತಿತ್ತು, ಅದರಲ್ಲಿ ಸುಳ್ಳಿಲ್ಲ. ಹಾಗಾಗಿ ಆಸ್ಪತ್ರೆಯಲ್ಲಿ ಯಾರಿಗೂ ಅನುಮಾನ ಬಂದಿರಲಿಲ್ಲ.

ಮನೆಗೆ ಮರಳುವಾಗ ಆಟೋದಲ್ಲಿ ಚನ್ನಕ್ಕ ಮೆಲ್ಲಗೆ ಮಾತು ತೆಗೆದಳು.

"ಕೇಳಿದ್ಯೇನ ಆ ಹುಡುಗಿ ಅಂದಿದ್ದು?"

"ಕೇಳಿದೆ."

"ತಲಿ ಎತ್ತೂದಕ್ಕಿಂತ ಮೊದಲ, ಅಂದ್ಲು."

"ಕೇಳಿದೆ ಅಂದ್ನೆಲ್ಲರಿ, ಅತ್ತಿ."

"ಮತ್ತ?"

ಮಹಾನಂದಾ ಹೊರಗೆ ನೋಡುತ್ತ ಕೂತಳು. "ಸ್ಕ್ಯಾನಿಂಗ್ ದಿವಸ ಒಂದ ಸಲ ಲಿಂಗ ತಗದ ನಿಮ್ಮ ಕೈಯಾಗ ಕೊಟ್ಟೆ. ಅವತ್ತಿಂದ ನನಗೇನೇನ ಆತು ನೀವ ನೋಡೀರಿ. ಇನ್ನ ಇದನ್ನೂ ಬಿಡಲೇನು?" ಎಂದಳು.

ಸ್ಕ್ಯಾನಿಂಗ್ ಕೋಣೆಯ ಹೊರಗೆ, ಸೊಸೆ ಬರುವ ತನಕ, ಆ ಕರಡಿಗೆಯನ್ನು ಎರಡೂ ಅಂಗೈಯಲ್ಲಿ ಮುಚ್ಚಿ ಹಿಡಿದು ನಿಂತವಳು ಅವಳೇ.

ಬುದ್ಧಿ ಓಡುವಷ್ಟು ದೂರ ಓಡಿಸಿ ನೋಡೋಣ ಎಂದುಕೊಂಡಳು ಚನ್ನಕ್ಕ. ಮನೆಯೊಡತಿ ಸೊಣ್ಣಮ್ಮನ ಹತ್ತಿರ ಹೋಗಿ ಹಿಂದಿನ ದಿನವೇ ಒಂದು ಡ್ರಮ್ಮು ನೀರು ತುಂಬಿಸಿಕೊಳ್ಳಲು ಅಪ್ಪಣೆ ಕೇಳಿದಳು. ಸೊಣ್ಣಮ್ಮ ಬಾಯಿ ಜೋರು, ಮನಸ್ಸು ಮೆದು.

"ಒಂದ್ಯಾಕೆ ಎರಡ್ ತುಂಬ್ಕೊ. ಅದ್ಯಾಕೆ ನನ್ನ ಮುಂದೆ ಕೈ ಕಟ್ಕೊಂಡು ನಿಂತಿದ್ದೀಯ, ನಾನೇನ್ ಪೊಲೀಸಾ? ಆ ಹೆಣ್ಮಗ ಇಂಗೆ ಒಣಗೋಗ್ತಾ ಐತೆ. ಮ್ಯಾಲಿನ ಮಾಳಿಗೇಲಿ ಒಲೆ ಇಟ್ಕೊಂಡು ಬೇಯ್ಸು, ಕೆಳೀಕೆ ವಾಸ್ನೆ ಬರಾಕಿಲ್ಲ."

ಒಲೆ ಮಾಳಿಗೆಗೆ ಹೋಯಿತು. ಅಲ್ಲಿ ಗಂಜಿ ಬೇಯಿಸಿ, ವಾಸನೆ ಹೋಗುವಷ್ಟು ತಣ್ಣಗಾಗಿಸಿ ಕೆಳಗೆ ತರುತ್ತಿದ್ದಳು. ಉಪ್ಪು ಹಚ್ಚಿದ ನಿಂಬೆ ಹೋಳು ಮೂಗಿನ ಹತ್ತಿರ ಹಿಡಿದಳು. ಶುಂಠಿ ಚೂರು ನಾಲಿಗೆಯ ಕೆಳಗಿಟ್ಟಳು. ಮಧ್ಯಾಹ್ನದ ಮೇಲೆ ಇವೆಲ್ಲ ಅಷ್ಟಿಷ್ಟು ಸಹಾಯಕ್ಕೆ ಬಂದವು. ಬೆಳಗಿನ ಮುಂದೆ ಯಾವುದೂ ನಡೆಯಲಿಲ್ಲ. ಡ್ರಮ್ಮಿನ ನೀರಿತ್ತೆಂದು ಮಹಾನಂದಾ ನಸುಕಿನಲ್ಲೇ ಎದ್ದು ಜಳಕಕ್ಕೆ ಹೋದಳು. ಎದ್ದು ನಿಂತಾಗಲೇ ತಲೆ ತಿರುಗಿತು. ಸಾಬೂನು ಮುಟ್ಟಿದಾಗ ಹೊಟ್ಟೆ ತೊಳಸಿತು. ಪೂಜೆಗೆ ಕೂತವಳು ವಿಭೂತಿ ಹಚ್ಚುವ ಮೊದಲೇ ಎದ್ದು ಓಡಿದಳು. ಮತ್ತೆ ಜಳಕ. ಎರಡು ಡ್ರಮ್ಮು ನೀರೂ ಮುಗಿಯಿತು, ಮಾತ್ರೆ ನುಂಗಲಾಗಲಿಲ್ಲ.

"ಬರೇ ವಿಭೂತಿ ಹಚ್ಚಿಕೊಂಡ ಮಲಗಿದಲ್ಲೇ ಪೂಜಿ ಮಾಡು," ಎಂದಳು ಚನ್ನಕ್ಕ. "ಲಿಂಗ ಕಟ್ಟಿದವರಿಗೆ ಮೈಲಿಗಿ ಇಲ್ಲಂತ ಮಠದಾಗ ಹೇಳತಾರ."

ಮಹಾನಂದಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅಲ್ಲಿಂದಲೇ ಮಾತು ಬಂತು.

"ಮಠದಾಗ ಹೇಳತಾರ ರೀ. ನಮ್ಮನ್ಯಾಗ ಹೇಳಿದಾಕಿ ನೀವು. ನಾ ಲಗ್ನಾಗಿ ಬಂದ ಹೊಸದಾಗಿ, ತಲಿ ನೋವಂತ ಪೂಜಿಗಿಂತ ಮೊದಲ ಒಂದ ಕಪ್ ಚಾ ಕುಡ್ಯಾಕ ಹೋಗಿದ್ದೆ. ಕಪ್ ಕಸಗೊಂಡ ಹಿತ್ತಲದಾಗ ಚೆಲ್ಲಿದ್ರಿ. ಸಾಯೂ ಹೊತ್ತಿನ್ಯಾಗೂ ಈ ಮನಿ ಸೊಸಿ ಇದನ್ನ ಬಿಡಬಾರದು ಅಂದಿದ್ರಿ."

ಅಂದದ್ದು ಹೌದು. ಚನ್ನಕ್ಕನಿಗೆ ಆ ಚಹಾದ ಬಣ್ಣ ಕೂಡ ನೆನಪಿತ್ತು. ಅವತ್ತು ಅವಳಿಗೆ ತಾನು ಸೊಸೆಗೆ ದೊಡ್ಡದೇನನ್ನೋ ಕೊಡುತ್ತಿದ್ದೇನೆ ಎನ್ನಿಸಿತ್ತು.

ಔಷಧಿ ಹಾಕಿದ ನಾಲ್ಕನೆಯ ದಿನ ವಾಂತಿ ಎಲ್ಲಕ್ಕಿಂತ ಕೆಟ್ಟದಾಗಿ ಬಂತು. ಮಹಾನಂದಾ ಬಚ್ಚಲ ಹೊಸ್ತಿಲಲ್ಲೇ ಕೆನ್ನೆ ಊರಿ ಬಿದ್ದುಕೊಂಡಳು. ಒಳಗೆ ಎತ್ತಿ ತರಲು ಹೋದ ಚನ್ನಕ್ಕನಿಗೆ ಅವಳು ಎಷ್ಟು ಹಗುರಾಗಿದ್ದಾಳೆಂದು ಗೊತ್ತಾಯಿತು. ಮೊಮ್ಮಗಳನ್ನು ಎತ್ತಿದಷ್ಟೇ ಇತ್ತು ಭಾರ.

"ಇನ್ನ ಬ್ಯಾಡ ಅತ್ತಿ," ಎಂದಳು ಮಹಾನಂದಾ. ಅಳುತ್ತಿರಲಿಲ್ಲ. ಅಳಲು ಬೇಕಾದ ನೀರೂ ಮೈಯಲ್ಲಿ ಇರಲಿಲ್ಲ. "ಮುಂದಿನ ಸಲ ನಾ ದವಾಖಾನಿಗೆ ಬರೂದಿಲ್ಲ. ಊರಿಗೆ ಕರಕೊಂಡ ಹೋಗ್ರಿ. ಮಗಳ ಮುಂದ ಮಲಗತೀನಿ. ಹಸದ ಸಾಯಬಹುದು, ಹಿಂಗ ಕಾರಿಕೊಂಡ ಸಾಯೂದ ಬ್ಯಾಡ."

ಮೆಟ್ಟಿಲ ಮೇಲಿದ್ದ ಚನಬಸಪ್ಪ ಎದ್ದು ಬಾಗಿಲಿಗೆ ಬಂದ. ಒಳಗೆ ಕಾಲಿಡಲು ಹೆದರಿ ಅಲ್ಲೇ ನಿಂತ.

"ಯವ್ವಾ, ಮಠದ ಅಯ್ನೋರಿಗೆ ಫೋನ್ ಹಚ್ಚಲೇನು? ಅವರ ಹೇಳಿದ್ರ ಕೇಳತಾಳ. ಗುಳಿಗಿ ಮೊದಲ ತಗೋ ಅಂತ ಅವರ ಹೇಳಲಿ."

"ಹೇಳದಿದ್ರ?" ಎಂದಳು ಚನ್ನಕ್ಕ. "ನಿಯಮ ಬಿಡಬ್ಯಾಡ್ರಿ ಅಂದ್ರ ಏನ ಮಾಡತಿ? ಕೇಳಿದ ಮ್ಯಾಲ ಅವರ ಮಾತ ಮೀರಾಕ ಬರತೈತೇನು? ಕೇಳೂದ ಬ್ಯಾಡ. ಯಾರನ್ನೂ ಕೇಳೂದ ಬ್ಯಾಡ."

ಮಾರನೆಯ ದಿನ ನಸುಕಿನಲ್ಲಿ ಚನ್ನಕ್ಕ ಎಂದಿನಂತೆ ಎದ್ದಳು. ಜಳಕಕ್ಕೆ, ಪೂಜೆಗೆ ಕಾಯಲಿಲ್ಲ. ಒಂದು ಲೋಟ ನೀರು, ಒಂದು ಚೂರು ಬೆಲ್ಲ ತಂದು ಸೊಸೆಯ ಚಾಪೆಯ ಮುಂದೆ ಕೂತಳು. ಮಹಾನಂದಾ ಆಗಲೇ ಎದ್ದು ಬಕೆಟ್ಟಿನ ಅಂಚು ಹಿಡಿದು ಕೂತಿದ್ದಳು.

"ನಂದಾ. ಇಲ್ಲಿ ನೋಡು."

ಚನ್ನಕ್ಕ ಬೆಲ್ಲವನ್ನು ಬಾಯಿಗೆ ಹಾಕಿಕೊಂಡು ಅಗಿದಳು. ಲೋಟ ಎತ್ತಿ ನೀರು ಕುಡಿದಳು, ಗಟಗಟನೆ, ಲೋಟ ಬರಿದಾಗುವ ತನಕ. ಹಣೆ ಬೋಳಾಗಿತ್ತು. ಲಿಂಗ ಕರಡಿಗೆಯೊಳಗೇ ಇತ್ತು. ಅರಿವು ಬಂದಾಗಿನಿಂದ, ಬಾಣಂತನದಲ್ಲಿ ಸಹ, ಗಂಡ ಸತ್ತ ಮಾರನೇ ದಿನ ಸಹ, ಅವಳು ಹೀಗೆ ಮಾಡಿದ್ದಿಲ್ಲ.

"ಅತ್ತಿ!" ಮಹಾನಂದಾ ಕಿರುಚಿದಳು. "ಏನ ಮಾಡಿದ್ರಿ ಇದು?"

"ಕಾಣಲಿಲ್ಲೇನು? ನೀರ ಕುಡಿದೆ. ನಿಯಮ ಹಾಕಿದಾಕಿ ನಾನು, ಮುರದಾಕೀನೂ ನಾನು. ಇನ್ನ ಈ ಮನ್ಯಾಗ ಅದು ಇಲ್ಲ. ಇಲ್ಲದ್ದನ್ನ ನೀ ಹ್ಯಾಂಗ ಹಿಡೀತಿ?"

"ನನ್ನ ಸಲುವಾಗಿ ನೀವು..."

"ಪಾಪ ಬಂದ್ರ ನನ್ನ ತಲಿ ಮ್ಯಾಲ ಬರಲಿ. ನನಗೇನ ಅದನ್ನ ಹೊರಾಕ ಭಾಳ ವರ್ಷ ಉಳದಿಲ್ಲ. ನೀ ಹೊರಬೇಕಾದದ್ದು ಬ್ಯಾರೆ ಐತಿ. ಬಾಯಿ ತಗಿ."

ಮಹಾನಂದಾ ಬಾಯಿ ತೆಗೆಯಲಿಲ್ಲ. ಸಿಟ್ಟಿನಿಂದ ನೋಡಿದಳು, ಹೊಡೆಸಿಕೊಂಡವಳ ಹಾಗೆ. ಅತ್ತೆ ಮಾತ್ರೆ ಹಿಡಿದ ಕೈಯನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಕೊನೆಗೆ ಸೊಸೆ ಅದನ್ನು ಕಿತ್ತುಕೊಂಡಂತೆ ತೆಗೆದು, ಗುಟುಕು ನೀರಿನೊಂದಿಗೆ ನುಂಗಿದಳು.

ಅದು ನಿಲ್ಲಲಿಲ್ಲ. ಎದ್ದು ಕೂತಿದ್ದಳಲ್ಲ, ಓಕರಿಕೆ ಆಗಲೇ ಶುರುವಾಗಿತ್ತಲ್ಲ. ಚನ್ನಕ್ಕ ಲೋಟ ಕೆಳಗಿಡುವ ಮೊದಲೇ ಮಾತ್ರೆ ಬಕೆಟ್ಟಿನಲ್ಲಿ ಬಿತ್ತು, ಬಿಳಿಯದಾಗಿ, ಇಡಿಯಾಗಿ.

ಇಬ್ಬರೂ ಅದನ್ನೇ ನೋಡುತ್ತ ಕೂತರು. "ಹೋತು," ಎಂದಳು ಮಹಾನಂದಾ. "ನಿಮ್ಮದೂ ಹೋತು, ನನ್ನದೂ ಹೋತು." ಎದುರಿನ ಶೆಡ್ಡಿನಲ್ಲಿ ಒಲೆ ಹೊತ್ತಿಸಿದರು. ಸುಟ್ಟ ಬಣ್ಣದ ವಾಸನೆ ಬಂತು. ಆ ದಿನವೆಲ್ಲ ಚನ್ನಕ್ಕನ ಗಂಟಲಲ್ಲಿ ಬೆಲ್ಲದ ರುಚಿ ಹೋಗದೆ ಕೂತಿತ್ತು. ಒಂಬತ್ತಕ್ಕೆ ನೀರು ಬಂದಾಗ ಜಳಕ ಮಾಡಿ ಪೂಜೆಗೆ ಕೂತಳು. ಅಂಗೈಯಲ್ಲಿ ಲಿಂಗ ಎಂದಿನ ಹಾಗೆ ತಣ್ಣಗೇ ಇತ್ತು. ದೃಷ್ಟಿ ಇಟ್ಟು ನೋಡಲು ಮಾತ್ರ ಅವಳಿಗಾಗಲಿಲ್ಲ. ಕಣ್ಣು ಮುಚ್ಚಿ ಮುಗಿಸಿದಳು.

ಒಂದು ಸಲ ಕಳೆದುಕೊಂಡ ಮೇಲೆ ಎರಡನೇ ಸಲ ಕಳೆದುಕೊಳ್ಳಲು ಏನು ಉಳಿದಿರುತ್ತದೆ? ಚನ್ನಕ್ಕ ಆ ರಾತ್ರಿ ಮಾತ್ರೆ, ಚಮಚ, ನೀರು ಮೂರನ್ನೂ ತನ್ನ ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗಿದಳು. ನಸುಕಿಗೆ ಸೊಸೆಯ ಉಸಿರು ಬದಲಾದದ್ದು ಕೇಳಿಸಿತು. ಎಚ್ಚರವಾಗುತ್ತಿದ್ದಾಳೆ. ಚನ್ನಕ್ಕ ಅವಳ ಹಣೆಯ ಮೇಲೆ ಅಂಗೈ ಇಟ್ಟು ಒತ್ತಿ ಹಿಡಿದಳು.

"ಏಳಬ್ಯಾಡ. ತಲಿ ಎತ್ತಬ್ಯಾಡ."

"ಅತ್ತಿ..."

"ಮೊದಲ ನಾನು." ಕತ್ತಲಲ್ಲಿ ನೀರು ಗುಟುಕರಿಸಿದ ಸದ್ದು ಸೊಸೆಗೆ ಕೇಳುವಂತೆ ಕುಡಿದಳು. "ಆತು. ಈಗ ನೀನು."

ತುಟಿ ಬಿಗಿದೇ ಇತ್ತು. ಚನ್ನಕ್ಕ ಕಾದಳು. ಬೇಡಿಕೊಳ್ಳಲಿಲ್ಲ, ಬೈಯಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಮಹಾನಂದಾ, "ಮಗಳಿಗೆ ಹೇಳಬ್ಯಾಡ್ರಿ," ಎಂದಳು. ಬಾಯಿ ತೆರೆದಳು. ಮಾತ್ರೆ ನಾಲಿಗೆಯ ಮೇಲೆ, ಒಂದು ಚಮಚ ನೀರು, ಅಷ್ಟೇ. ಚನ್ನಕ್ಕ ಹಣೆಯ ಮೇಲಿನ ಕೈ ತೆಗೆಯಲಿಲ್ಲ. ಕೈ ಜೋಮು ಹಿಡಿಯಿತು. ಹೊರಗೆ ಮೆಟ್ಟಿಲ ಮೇಲೆ ಚನಬಸಪ್ಪ ಎದ್ದು ಕೂತದ್ದು, ಕೆಮ್ಮು ಬಂದದ್ದನ್ನು ನುಂಗಿಕೊಂಡದ್ದು ಕೇಳಿಸಿತು.

ಒಮ್ಮೆ ಗಂಟಲು ಮೇಲೆ ಕೆಳಗೆ ಆಡಿತು. ಮತ್ತೊಮ್ಮೆ ಆಡಿತು. ಮಾತ್ರೆ ಬರಲಿಲ್ಲ.

ಬೆಳಕು ಹರಿದ ಮೇಲೆ ನಾಲ್ಕು ಕಾಳು ಚುರಮರಿ ಕೊಟ್ಟಳು, ಒಂದೊಂದಾಗಿ. ಆಮೇಲೆ ಮಾಳಿಗೆಯಿಂದ ತಣ್ಣಗಿನ ಗಂಜಿ ತಂದು ಅರ್ಧ ಬಟ್ಟಲು ಕುಡಿಸಿದಳು. ಮಧ್ಯಾಹ್ನ ಒಂದು ಸಲ ವಾಂತಿಯಾಯಿತು. ಒಂದೇ ಸಲ. ಸೊಣ್ಣಮ್ಮ ಬಾಗಿಲಲ್ಲಿ ಇಣುಕಿ, "ಏನಕ್ಕ, ಇವತ್ತು ಬಕೀಟು ಸುಮ್ಕೆ ಕುಂತೈತೆ?" ಎಂದಳು. ಚನ್ನಕ್ಕ, "ದೃಷ್ಟಿ ಹಾಕಬ್ಯಾಡವ್ವಾ, ನೀ ಹೋಗು," ಎಂದು ಅವಳನ್ನು ಕಳಿಸಿದಳು.

ಅವತ್ತು ಬೆಳಿಗ್ಗೆ ಒಂಬತ್ತಕ್ಕೆ ನೀರು ಬಂದಾಗ ಮಹಾನಂದಾ ಜಳಕ ಮಾಡಿ ತನ್ನ ಪೂಜೆ ಮಾಡಿಕೊಂಡಿದ್ದಳು. ಮುಗಿಸಲು ಬಹಳ ಹೊತ್ತು ಹಿಡಿಯಿತು. ಆ ಹೊತ್ತಿನಲ್ಲಿ ಅವಳು ಲಿಂಗದ ಮುಂದೆ ಏನು ಹೇಳಿಕೊಂಡಳೋ ಚನ್ನಕ್ಕ ಕೇಳಲಿಲ್ಲ. ಅತ್ತೆಯೊಂದಿಗೆ ಅವಳು ಎರಡು ದಿನ ಬೇಕಾದಷ್ಟೇ ಮಾತಾಡಿದಳು. ಆದರೆ ನಸುಕಿನಲ್ಲಿ ಬಾಯಿ ತೆರೆಯುವುದನ್ನು ಬಿಡಲಿಲ್ಲ. ಚನ್ನಕ್ಕನೂ ಪ್ರತಿದಿನ ಮೊದಲು ತಾನು ಕುಡಿಯುವುದನ್ನು ಬಿಡಲಿಲ್ಲ.

ಎಲ್ಲ ದಿನವೂ ಒಳ್ಳೆಯದಾಗಲಿಲ್ಲ. ಕೆಲವು ದಿನ ಮಾತ್ರೆ ನಿಂತರೂ ಗಂಜಿ ನಿಲ್ಲಲಿಲ್ಲ. ಒಂದು ದಿನ ಎದುರಿನ ಶೆಡ್ಡಿನವರು ಬೇಗನೆ ಒಲೆ ಹೊತ್ತಿಸಿ ಎಲ್ಲ ಕೆಡಿಸಿದರು. ಚನಬಸಪ್ಪ ಇನ್ನೂ ಮೆಟ್ಟಿಲ ಮೇಲೆಯೇ ಮಲಗುತ್ತಿದ್ದ. ರೊಟ್ಟಿ ಬೇಯುವ ವಾಸನೆಗೆ ಮಹಾನಂದಾ ಈಗಲೂ ಮೂಗು ಮುಚ್ಚುತ್ತಿದ್ದಳು.

ಮೂರನೇ ಸಲ ಆಸ್ಪತ್ರೆಗೆ ಹೋದಾಗ ನಿವೇದಿತಾ ತೂಕದ ಯಂತ್ರದ ಮುಂದೆ ಬಗ್ಗಿ ಎರಡು ಸಲ ನೋಡಿದಳು. ತೂಕ ಏರಿರಲಿಲ್ಲ. ಇಳಿದೂ ಇರಲಿಲ್ಲ.

"ಏನ್ ಮಾಡಿದ್ರಿ ಅಜ್ಜಿ?" ಎಂದಳು.

"ನೀ ಹೇಳಿದಂಗ ಮಾಡಿದ್ವಿ. ತಲಿ ಎತ್ತೂದಕ್ಕಿಂತ ಮೊದಲ," ಎಂದಳು ಚನ್ನಕ್ಕ.

ಡಾಕ್ಟರು ಒಪ್ಪಿದರು. ಔಷಧಿಯ ಚೀಲ ಕಂಬಕ್ಕೆ ತೂಗುಹಾಕಿ ಮಹಾನಂದಾಳ ಕೈಗೆ ಸೂಜಿ ಚುಚ್ಚಿದರು. ಅವಳು ಇನ್ನೊಂದು ಕೈಯಿಂದ ಕೊರಳ ಕರಡಿಗೆಯನ್ನು ಹಿಡಿದುಕೊಂಡು ಕಣ್ಣು ಮುಚ್ಚಿದಳು. ನಾಲ್ಕು ದಿನಕ್ಕೆ ವಾಂತಿ ಮತ್ತೆ ಜೋರಾಗುತ್ತದೆ ಎಂದು ಅವಳಿಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು. ಗಡ್ಡೆ ಕರಗುತ್ತಿದೆಯೋ ಇಲ್ಲವೋ ಇನ್ನೂ ಯಾರೂ ಹೇಳಿರಲಿಲ್ಲ.

ಚನ್ನಕ್ಕ ಕಳೆದುಕೊಂಡದ್ದು ಹುಡುಗಿಯಾಗಿದ್ದಾಗಿನಿಂದ ಒಂದು ದಿನವೂ ತಪ್ಪಿಸದ ನಿಯಮ, ಅದರ ಜೊತೆಗೆ ಲಿಂಗದ ಮುಂದೆ ಕೂತಾಗ ಸಿಗುತ್ತಿದ್ದ ನೆಮ್ಮದಿ. ಅವೆರಡೂ ತಿರುಗಿ ಬರಲಿಲ್ಲ. ಸಿಕ್ಕಿದ್ದು ಸೊಸೆಗೆ ಇನ್ನೊಂದು ಸಲದ ಔಷಧಿ.